ಮೇಲಿನಂತೆ ಖಾಲಿ

ಜವರಯ್ಯ: ಅದೆಲ್ಲ ಆಮ್ಯಾಲೆ. ಇದು ಕೋವಿ ಹೌದೋ, ಅಲ್ವೋ? ಅಷ್ಟು ಹೇಳಮ್ಮ ಮೊದ್ಲು.

ಕೃತಿಕಾ: ನೋಡೋಕೆ ಕೋವಿ ಥರ ಇದೆ ಸಾರ್. ಆದ್ರೆ ಕೋವಿ ಅಲ್ಲ.

ಜವರಯ್ಯ: ಕೋವಿ ಅಲ್ಲ ಅಂದ್ಮ್ಯಾಲೆ ಪೊಲೀಸ್ನೋರ ಸಹಿ ಯಾತಕ್ಕೆ? ಇವತ್ತು ನೀನು ಬಂದೆ. ನಾಳೆ ಇನ್ನೊಬ್ಬ ಒನಕೆ ತಂದು, ಸಾಮಿ ಇದು ಕೋವಿ ಅಲ್ಲ, ಒಂದು ಸಹಿ ಹಾಕಿ ಅಂತಾನೆ.

ಕೃತಿಕಾ: ಸರಿ ಸಾರ್, ಕೋವಿ ಅಂತಾನೇ ಅನ್ಕೊಳ್ಳಿ. ಸಹಿ ಹಾಕಿ.

ಜವರಯ್ಯ: ಕೋವಿ ಅಂದ್ರೆ ಠೇವಣಿ. ಚುನಾವಣೆ ನೀತಿ ಸಂಹಿತೆ ಬಂದೈತೆ. ಫಲಿತಾಂಶ ಬರೋಗಂಟ ಕೋವಿ ನಮ್ಮ ಪೆಟ್ಟಿಗೇಲಿ. ಆಮ್ಯಾಲೆ ಬಂದು ತಗಂಡೋಗು.

ಕೃತಿಕಾ: ಸಾರ್, ನನಗೆ ಕೋವಿ ಇನ್ನೊಂದು ಗಂಟೇಲಿ ಬೇಕು!

ಹಲಸಿನಕಟ್ಟೆಯ ಪೊಲೀಸ್ ಹೊರಠಾಣೆಯೆಂದರೆ ಎರಡು ಕೋಣೆ, ಒಂದು ಜಗಲಿ, ಒಬ್ಬ ಹೆಡ್ ಕಾನ್‌ಸ್ಟೇಬಲ್. ಹಾನುಬಾಳಿನ ಬಸ್ಸು ಅದರ ಎದುರಿಗೇ ನಿಲ್ಲುವುದರಿಂದ ಆ ಜಗಲಿ ಕಳ್ಳರಿಗಿಂತ ಬಸ್ಸು ಕಾಯುವವರನ್ನೇ ಹೆಚ್ಚು ಕಂಡಿದೆ. ಕೃತಿಕಾ ಅಲ್ಲಿಗೆ ಬಂದು ಮುಕ್ಕಾಲು ಗಂಟೆಯಾಗಿತ್ತು. ಬಾಳ್ಳುಪೇಟೆಯ ಹುಡುಗಿ, ಹಾಸನದ ಒಂದು ಕಾಲೇಜಿನಲ್ಲಿ ಸಿನಿಮಾ ಓದುತ್ತಿದ್ದಾಳೆ. ಹತ್ತು ನಿಮಿಷದ ಕಿರುಚಿತ್ರವನ್ನು ನಾಳೆ ಬೆಳಿಗ್ಗೆ ಒಪ್ಪಿಸಬೇಕು, ಬಾಕಿ ಇರುವುದು ಕೊನೆಯ ಒಂದೇ ದೃಶ್ಯ. ಚಿತ್ರದ ತುಂಬ ಎಸ್ಟೇಟಿನ ಕಾವಲುಗಾರನೊಬ್ಬನ ಕಣ್ಣಿಗೆ ಕಂಡದ್ದೇ ಇದೆ, ಅವನ ಮುಖ ಎಲ್ಲೂ ಇಲ್ಲ. ಕೊನೆಗೊಮ್ಮೆ ಅವನು ಮುಚ್ಚಿದ ಬಾಗಿಲ ಮುಂದೆ ಕೋವಿ ಹಿಡಿದು ಹೆದರಿ ನಿಂತಿರುವುದು ಕಾಣಬೇಕು, ಅಲ್ಲಿಗೆ ಮುಗಿಯಿತು. ಅದಕ್ಕೆಂದೇ ಬಡಗಿ ಹುಚ್ಚಣ್ಣ ಸಿಲ್ವರ್ ಓಕ್ ಮರದಲ್ಲಿ ಕೋವಿಯೊಂದನ್ನು ಕೆತ್ತಿ, ಕಪ್ಪು ಬಣ್ಣ ಬಳಿದು ಕೊಟ್ಟಿದ್ದ.

ಸಹಿಯ ತಾಪತ್ರಯಕ್ಕೆ ಬೇರೆ ಕಾರಣವಿತ್ತು. ಹಿಂದಿನ ವರ್ಷ ಇದೇ ತರಗತಿಯ ಹುಡುಗರು ಪ್ಲಾಸ್ಟಿಕ್ ಪಿಸ್ತೂಲು ಹಿಡಿದು ಆಲೂರಿನ ಕಡೆಯ ಯಾವುದೋ ಊರಲ್ಲಿ ಓಡಿದಾಗ, ಊರಿನವರು ಮೊದಲು ಕಂಬಕ್ಕೆ ಕಟ್ಟಿ ಆಮೇಲೆ ವಿಚಾರಿಸಿದ್ದರು. ಅಂದಿನಿಂದ ಕಾಲೇಜಿನಲ್ಲಿ ಸುರಕ್ಷತೆಯ ಹಾಳೆ ಎಂಬುದೊಂದು ಹುಟ್ಟಿಕೊಂಡಿತು. ಆಯುಧದಂತೆ ಕಾಣುವ ವಸ್ತು ಬಳಸುವವರು ಸ್ಥಳೀಯ ಪೊಲೀಸರಿಗೆ ತಿಳಿಸಿ ಸಹಿ ತರಬೇಕು; ಸಹಿ ಇಲ್ಲದ ಚಿತ್ರಕ್ಕೆ ಅಂಕ ಸೊನ್ನೆ. ಬೇರೆಯವರಾಗಿದ್ದರೆ ಸಹಿಯನ್ನು ತಾವೇ ಗೀಚಿಕೊಂಡು ಕೈತೊಳೆದುಕೊಳ್ಳುತ್ತಿದ್ದರು. ಕೃತಿಕಾ ಆ ಜಾತಿಯವಳಲ್ಲ. ತಂಡದವರಿಗೆ ತೋಟದ ಇಂಬಳ, ಅಂದರೆ ಜಿಗಣೆ, ಕಚ್ಚಿದರೆ ಯಾರು ಉಪ್ಪು ಹಾಕಬೇಕು ಅನ್ನುವುದನ್ನೂ ಹಾಳೆಯಲ್ಲಿ ಬರೆದಿಟ್ಟವಳು ಅವಳು.

ಕೃತಿಕಾ: ಸಾರ್, ಇದಕ್ಕೆ ತೂತೇ ಇಲ್ಲ. ಗುಂಡು ಎಲ್ಲಿಂದ ಬರ್ಬೇಕು?

ಜವರಯ್ಯ: ಫಾರಮ್ಮಲ್ಲಿ ತೂತಿನ ಕಾಲಂ ಇಲ್ಲ ಕಣಮ್ಮ. ಒಂಟಿ ನಳಿಗೆಯೋ, ಜೋಡಿ ನಳಿಗೆಯೋ?

ಕೃತಿಕಾ: ನಳಿಗೆನೇ ಇಲ್ಲ. ಪೂರ್ತಿ ಒಂದೇ ಮರ.

ಜವರಯ್ಯ: ಒಂಟಿ. ನಂಬರು?

ಕೃತಿಕಾ: ನಂಬರ್ ಇಲ್ಲ ಸಾರ್.

ಜವರಯ್ಯ: ನಂಬರ್ ಇಲ್ದಿರೋ ಕೋವಿ! ಇದ್ನ ಬೇರೆ ಯಾರ ಕೈಲಾದ್ರೂ ಹೇಳಿದ್ಯಾ? ಹೇಳ್ಬ್ಯಾಡ. ತಯಾರು ಮಾಡಿದ್ದು ಯಾರು?

ಕೃತಿಕಾ: ಬಡಗಿ ಹುಚ್ಚಣ್ಣ.

ಜವರಯ್ಯ: ಅವನಿಗೆ ಕೋವಿ ಮಾಡೋ ಲೈಸೆನ್ಸ್ ಐತಾ?

ಕೃತಿಕಾ: ಅವರು ಮಂಚ ಮಾಡೋರು ಸಾರ್!

ಜವರಯ್ಯ: ಮಂಚದ ಹೆಸ್ರಲ್ಲಿ ಕೋವಿ ಕಾರ್ಖಾನೆ. ಮೂವತ್ತು ವರ್ಷ ಸರ್ವಿಸಲ್ಲಿ ಇಂಥಾದ್ದು ನೋಡಿರ್ಲಿಲ್ಲ.

ಜವರಯ್ಯ ಕೆಟ್ಟವನೇನಲ್ಲ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ತಾನು ಬರೆದ ಒಂದು ಸಾಲಿಗೂ ಮೇಲಿನವರು ಕೆಂಪು ಶಾಯಿ ತಾಗಿಸಿಲ್ಲ ಎಂಬುದು ಅವನ ಜೀವಮಾನದ ಹೆಮ್ಮೆ. ಊರಲ್ಲಿ ಏನು ನಡೆಯಿತು ಅನ್ನುವುದಕ್ಕಿಂತ ರಿಜಿಸ್ಟರಿನಲ್ಲಿ ಏನು ಕೂತಿತು ಅನ್ನುವುದೇ ಅವನಿಗೆ ಮುಖ್ಯ. ಕೃತಿಕಾಗೆ ಅಳು ಬರುವಂತಾಯಿತು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಮೇಲೆ ತೋಟದ ಸ್ಟೋರಿನ ಮುಂದೆ ಕಾವಲುಗಾರನ ವೇಷದಲ್ಲಿ ಕಾಯುತ್ತಿದ್ದ ಸಹಪಾಠಿ ಮೋಹಿತ್.

ಮೋಹಿತ್ (ಫೋನಿನಲ್ಲಿ): ಕೃತಿ, ಮಂಜು ಇಳೀತಾ ಐತೆ ಕಣೇ. ಮೀಸೆ ಒಂದು ಕಡೆ ಬಿಚ್ಕಂಬುಡ್ತು. ಕೋವಿ ತತ್ತೀಯೋ, ದೊಣ್ಣೆ ಹಿಡ್ಕಂಡು ನಿಂತ್ಕೊಳ್ಲೋ?

ಕೃತಿಕಾ: ಹೆದರೋದು ಅಭ್ಯಾಸ ಮಾಡಿದ್ಯಾ?

ಮೋಹಿತ್: ಮಾಡ್ದೆ. ಕ್ಯಾಮೆರಾ ಹಿಡ್ದಿರೋ ಶೀಲಾ ನೋಡಿ, ಹಲ್ಲುನೋವಾ ಅಂತ ಕೇಳಿದ್ಲು.

ಅವಳು ಫೋನು ಇಡುವುದಕ್ಕೂ, ಗೋಣಿಚೀಲದಲ್ಲಿ ಸುತ್ತಿದ ಉದ್ದನೆಯದೊಂದು ವಸ್ತು ಮೇಜಿನ ಮೇಲೆ ದಡಾರನೆ ಬೀಳುವುದಕ್ಕೂ ಸರಿಹೋಯಿತು. ತಂದವರು ಕಾಫಿ ಬೆಳೆಗಾರ ಪರಮಶಿವಯ್ಯ. ಹಣೆ ತುಂಬ ವಿಭೂತಿ, ಬಗಲಲ್ಲಿ ಕೊಡೆ, ಮೂಗಿನ ತುದಿಯಲ್ಲಿ ಸಿಟ್ಟು.

ಪರಮಶಿವಯ್ಯ: ತಗೋ ಜವರಯ್ಯ, ನಿಮ್ಮ ಕೋವಿ.

ಜವರಯ್ಯ: ನಮ್ಮದ್ಯಾಕೆ ಯಜಮಾನ್ರೇ? ನಿಮ್ಮದು.

ಪರಮಶಿವಯ್ಯ: ನಮ್ಮನೇಗಿಂತ ನಿಮ್ಮ ಪೆಟ್ಟಿಗೇಲೇ ಜಾಸ್ತಿ ಇರ್ತದಲ್ಲ ಮಾರಾಯ! ಪಂಚಾಯ್ತಿ ಎಲೆಕ್ಷನ್ನು ಅಂತ ಒಂದು ಸಲ, ಎಮ್ಮೆಲ್ಲೆ ಅಂತ ಒಂದು ಸಲ, ಎಂಪಿ ಅಂತ ಒಂದು ಸಲ. ಇದು ಕೋವೀನೇ ಅಲ್ಲ ಅಂತ ಬರ್ದು ಬಿಸಾಕ್ಬುಡು ಅಂದ್ರೆ ಕೇಳಲ್ಲ. ನಮ್ಮಜ್ಜ ಶಿವನ ಪಾದ ಸೇರಿದ ಮ್ಯಾಲೆ ಇದು ಒಂದು ಸಲಾನೂ ಢಂ ಅಂದಿಲ್ಲ.

ಜವರಯ್ಯ: ನಂಬರ್ ಐತೆ. ಲೈಸೆನ್ಸ್ ಐತೆ. ಕೋವಿ.

ಪರಮಶಿವಯ್ಯ: ಹಿಡಿ ಮುರಿದು ತಂತಿ ಸುತ್ತೀನಿ ಕಣಯ್ಯ!

ಜವರಯ್ಯ: ತಂತಿ ಸುತ್ತಿದ ಕೋವಿ.

ಕೃತಿಕಾ: ಅಲ್ಲ ಸಾರ್, ನಂದು ಕೋವಿ ಅಲ್ಲ ಅಂದ್ರೂ ಕೋವಿ, ಅವರದ್ದು ಅಲ್ಲ ಅಂದ್ರೂ ಕೋವಿ. ನಿಮ್ಮ ಪ್ರಕಾರ ಕೋವಿ ಅಲ್ಲದೇ ಇರೋದು ಯಾವುದು?

ಜವರಯ್ಯ: ಈ ಮೇಜಿನ ಮ್ಯಾಲೆ ಬರ್ದೇ ಇರೋದು.

ಪರಮಶಿವಯ್ಯ ಆಗಲೇ ಹುಚ್ಚಣ್ಣನ ಕೈಕೆಲಸವನ್ನು ಎತ್ತಿ, ತಿರುಗಿಸಿ, ಮೂಸಿ ನೋಡುತ್ತಿದ್ದರು.

ಪರಮಶಿವಯ್ಯ: ಏನ್ ಚೆನ್ನಾಗೈತಮ್ಮ! ಕೋವಿ ಅಂದ್ರೆ ಇದು. ನಮ್ಮದು ಇದರ ಮುಂದೆ ಮುರುಕು ಛತ್ರಿ. ಯಾರ ಮಗಳಮ್ಮ ನೀನು?

ಕೃತಿಕಾ: ಬಾಳ್ಳುಪೇಟೆ ಅಂಕಲ್. ಕಾಲೇಜಿನ ಸಿನಿಮಾಕ್ಕೆ ಮಾಡಿಸಿದ್ದು. ಇವರು ಇದನ್ನೂ ಠೇವಣಿ ಇಡ್ಬೇಕು ಅಂತಾರೆ.

ಪರಮಶಿವಯ್ಯ: ಅಂಕಲ್ ಬ್ಯಾಡ, ದೊಡ್ಡಪ್ಪ ಅನ್ನು. ಜವರಯ್ಯ, ನಿಂಗೆ ಪೆಟ್ಟಿಗೇಲಿ ಒಂದು ಕೋವಿ ಬೇಕು, ಅಷ್ಟೇ ತಾನೆ? ಈ ಮಗೀದು ಮಡಿಕ್ಕೋ. ನಮ್ಮ ನಂಬರ್ನ ಸೀಮೆಸುಣ್ಣದಲ್ಲಿ ಇದರ ಮ್ಯಾಲೆ ಬರಿ. ನಮ್ಮದನ್ನ ಅವಳು ಸಿನಿಮಾಕ್ಕೆ ತಗಂಡೋಗ್ಲಿ.

ಇಂಥ ಮಾತಿಗೆ ಜವರಯ್ಯ ಕೆರಳಬೇಕಿತ್ತು. ಆದರೆ ಅವನು ಗಲ್ಲ ಕೆರೆದುಕೊಂಡ. ರಿಜಿಸ್ಟರಿಗೆ ಒಂದು ನಂಬರು, ಪೆಟ್ಟಿಗೆಗೆ ಒಂದು ಕೋವಿ, ಹುಡುಗಿಗೆ ಒಂದು ಸಹಿ. ಯಾವ ಕಾಲಮ್ಮೂ ಖಾಲಿ ಉಳಿಯುವುದಿಲ್ಲ.

ಜವರಯ್ಯ: ಯೋಚ್ನೆ ತಪ್ಪಿಲ್ಲ. ತಾ ಇಲ್ಲಿ ನಿನ್ನ ಹಾಳೆ, ಸಹಿ ಹಾಕ್ತೀನಿ. ಆ ಕೋವಿ ಎತ್ಕೋ, ಹೊರಡು.

ಪೆನ್ನು ಹಾಳೆಗೆ ತಾಗಲು ಒಂದು ಬೆರಳಿನಷ್ಟು ದೂರವಿತ್ತು. ಕೃತಿಕಾಳ ಜೀವ ಆ ಪೆನ್ನಿನ ತುದಿಯಲ್ಲಿತ್ತು. ಸುಮ್ಮನಿದ್ದರೆ ಸಾಕು, ಸಹಿಯೂ ಸಿಗುತ್ತದೆ, ಕೋವಿಯೂ ಸಿಗುತ್ತದೆ, ಮಂಜು ಮುಚ್ಚುವ ಮೊದಲು ದೃಶ್ಯವೂ ಮುಗಿಯುತ್ತದೆ. ಆದರೆ ಹಾಳೆಯ ಮೊದಲನೇ ಕಲಂ ಅವಳದೇ ಅಕ್ಷರದಲ್ಲಿ ಅವಳನ್ನೇ ದುರುಗುಟ್ಟಿ ನೋಡುತ್ತಿತ್ತು.

ಕೃತಿಕಾ: ಬೇಡ ಸಾರ್. ನಿಜವಾದ ಕೋವಿ ಶೂಟಿಂಗ್ ಜಾಗಕ್ಕೆ ಬರೋ ಹಾಗಿಲ್ಲ. ಖಾಲಿ ಅಂದ್ರೂ ನಂಬೋ ಹಾಗಿಲ್ಲ.

ಪರಮಶಿವಯ್ಯ: ಅಯ್ಯೋ, ಖಾಲಿ ಕಣ್ ಮಗಾ. ಪರಂಗಿ ಕಾಯಿ ಉದುರ್ಸೋದು ಇದ್ರಲ್ಲೇ. ಕೋತಿ ಓಡ್ಸೋದು ಇದ್ರಲ್ಲೇ. ಮಳೆಗಾಲದಲ್ಲಿ ಟವಲ್ ಒಣಗಾಕೋದು ಇದ್ರ ಮ್ಯಾಲೇ.

ಜವರಯ್ಯ: ಪೆಟ್ಟಿಗೆಯಿಂದ ಮೂತಿ ಹೊರಗೇ ಇರ್ತೈತೆ. ನಾನು ಟೋಪಿ ನೇತಾಕೋದು ಅದಕ್ಕೆ.

ಕೃತಿಕಾ: ಖಾಲಿ ಅಂತ ನೋಡಿದೋರು ಯಾರು?

ಜವರಯ್ಯ: ನೋಡೋದೇನಮ್ಮ? ರಿಜಿಸ್ಟ್ರಲ್ಲಿ ಐತೆ!

ಅವನು ಪೆಟ್ಟಿಗೆಯಿಂದ ದಪ್ಪನೆಯ ಪುಸ್ತಕ ಎಳೆದು, ಹೆಮ್ಮೆಯಿಂದ ಧೂಳು ಕೊಡವಿ, ಹಿಂದಿನ ಚುನಾವಣೆಯ ಪುಟಕ್ಕೆ ಬೆರಳಿಟ್ಟ. 'ಮೇಲಿನಂತೆ, ಖಾಲಿ.' ಕೃತಿಕಾ ಅದಕ್ಕೂ ಹಿಂದಿನದನ್ನು ನೋಡಿದಳು. 'ಮೇಲಿನಂತೆ, ಖಾಲಿ.' ಅದರ ಹಿಂದಿನದು, ಅದರಾಚೆಯದು, ಎಲ್ಲವೂ ಹಾಗೇ. ಏಳು ಸಲ ಜವರಯ್ಯನ ಸಹಿ. ಅದಕ್ಕೆ ಮೊದಲು ಬೇರೆಯವರ ಸಹಿಗಳು. ಹಾಳೆಗಳು ಹಳದಿಯಾಗಿ, ಕಂದಾಗಿ, ಕೊನೆಗೆ ನಲವತ್ತು ವರ್ಷದ ಹಿಂದಿನ ಮೊದಲ ದಾಖಲೆ ಸಿಕ್ಕಿತು.

ಕೃತಿಕಾ (ಓದುತ್ತ): 'ವಾರಸುದಾರರು ತಂದು ಒಪ್ಪಿಸಿದ ಕೋವಿ. ಖಾಲಿ ಇರಬಹುದು.'

ಜವರಯ್ಯ: ನೋಡಿದ್ಯಾ? ಖಾಲಿ.

ಕೃತಿಕಾ: 'ಇರಬಹುದು' ಎಲ್ಲಿಗೆ ಹೋಯ್ತು ಸಾರ್?

ಜವರಯ್ಯ: ಆಮ್ಯಾಲಿನ ಪುಟದಲ್ಲಿ ಕಾಲಂ ಚಿಕ್ಕದು ಕಣಮ್ಮ. ಹಿಡ್ಸಿರಲ್ಲ.

ಕೃತಿಕಾ ಅತ್ತಿತ್ತ ನೋಡಿದಳು. ಮೂಲೆಯಲ್ಲಿ, ಅನುಮತಿ ಇಲ್ಲದೆ ಕಟ್ಟಿದ್ದಕ್ಕೆ ಜಪ್ತಿ ಮಾಡಿದ ಯಾರೋ ಪಕ್ಷೇತರ ಅಭ್ಯರ್ಥಿಯ ಬಾವುಟಗಳು ಕಟ್ಟುಕಟ್ಟಾಗಿ ಬಿದ್ದಿದ್ದವು. ಸಣ್ಣ ಬಿದಿರಿನ ಕೋಲೊಂದನ್ನು ಎಳೆದುಕೊಂಡಳು.

ಜವರಯ್ಯ: ಏಯ್ ಏಯ್, ಅದು ಜಪ್ತಿ ಮಾಲು!

ಕೃತಿಕಾ: ಬಾವುಟ ಬಿಚ್ಚಿ ಇಟ್ಟಿದೀನಿ ಸಾರ್. ಕೋಲಿಗೆ ಪಕ್ಷ ಇಲ್ಲ.

ಗೋಡೆಯ ಕಡೆಗೆ ಮೂತಿ ಇರುವಂತೆ ಕೋವಿಯನ್ನು ಮೇಜಿನ ಮೇಲೆ ಹಗುರವಾಗಿ ತಿರುಗಿಸಿದಳು. ಎದುರಿಗಿದ್ದ ಪರಮಶಿವಯ್ಯನವರನ್ನು ಈಚೆಗೆ ಕರೆದಳು. ತಾನೂ ಪಕ್ಕಕ್ಕೆ ನಿಂತು, ಕೋಲನ್ನು ನಳಿಗೆಯೊಳಗೆ ಮೆಲ್ಲನೆ ಇಳಿಸಿದಳು. ಅದು ತಡೆದು ನಿಂತಲ್ಲಿ ಬೆರಳಿಂದ ಗುರುತು ಹಿಡಿದು, ಹೊರಗೆಳೆದು, ನಳಿಗೆಯ ಹೊರಮೈಗೆ ಅಳತೆ ಇಟ್ಟಳು. ಕೋಲಿನ ತುದಿ ನಳಿಗೆಯ ಬುಡ ಮುಟ್ಟಲಿಲ್ಲ.

ಕೃತಿಕಾ: ಆರು ಬೆರಳು ಕಡಿಮೆ ಇದೆ. ಒಳಗೆ ಏನೋ ತುಂಬಿದೆ.

ಜವರಯ್ಯ: ಕಣಜದ ಹುಳದ ಗೂಡಿರ್ಬೇಕು.

ಕೃತಿಕಾ: ಕೋಲಿನ ತುದೀಲಿ ತೆಂಗಿನ ನಾರು ಬಂದಿದೆ ಸಾರ್.

ಪರಮಶಿವಯ್ಯನವರ ಹಣೆಯ ವಿಭೂತಿಯ ನಡುವೆ ಬೆವರು ಮೂಡಿತು.

ಪರಮಶಿವಯ್ಯ: ಮೂತಿಯಿಂದ ಮದ್ದು ಸುರಿದು, ಅದರ ಮ್ಯಾಲೆ ನಾರು ಜಡೀತಿದ್ರು ನಮ್ಮಜ್ಜ. ಮೊಲಕ್ಕೆ ಮೂರು ಬೆರಳು, ಹಂದಿಗೆ ಆರು ಬೆರಳು ಅಂತ ಅವರ ಲೆಕ್ಕ. ಕೊನೇ ಸಲ ಹಂದಿಗೇ ಹೋಗಿದ್ದು. ಹಂದಿ ಬರ್ಲಿಲ್ಲ ಅಂತ ಬಂದು ಗೋಡೆಗೆ ನೇತಾಕಿ ಉಣ್ಣೋಕೆ ಕುಂತ್ರು. ಆ ವಾರದಲ್ಲೇ ಹೋಗ್ಬುಟ್ರು.

ಕೃತಿಕಾ: ಈ ಹಿಂಭಾಗದಲ್ಲಿ ಹಸಿರು ಹಿಡಿದ ತಾಮ್ರದ ಟೋಪಿ ಥರ ಇದೆಯಲ್ಲ, ಇದೇನು ದೊಡ್ಡಪ್ಪ?

ಪರಮಶಿವಯ್ಯ: ಕೇಪು. ಅದರ ಮ್ಯಾಲೆ ಏಟು ಬಿದ್ರೇನೇ ಮದ್ದಿಗೆ ಬೆಂಕಿ. ಅಯ್ಯೋ ಶಿವನೇ... ನಮ್ಮ ಮೊಮ್ಮಗು ತೊಟ್ಲು ಕಟ್ಟಿರೋದು ಇದ್ನ ನೇತಾಕೋ ಗೂಟದ ಕೆಳಗೆ ಕಣಮ್ಮ!

ಮುಂದಿನ ನಾಲ್ಕು ಕ್ಷಣದಲ್ಲಿ ಏನಾಯಿತೆಂದು ಯಾರೂ ಸರಿಯಾಗಿ ಹೇಳಲಾರರು. ಅಂಗಳದಲ್ಲಿ ಉಸಿರು ಬಿಟ್ಟಾಗ ಪರಮಶಿವಯ್ಯನವರ ಕೈಯಲ್ಲಿ ಕೊಡೆ, ಜವರಯ್ಯನ ಎದೆಗೆ ಅವುಚಿಕೊಂಡ ರಿಜಿಸ್ಟರು, ಕೃತಿಕಾಳ ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಮರದ ಕೋವಿ ಇದ್ದವು. ಠಾಣೆಯ ಬಾಗಿಲನ್ನು ಹೊರಗಿನಿಂದ ಚಿಲಕ ಹಾಕಿದವಳೂ ಅವಳೇ. ಹಾಸನಕ್ಕೆ ಫೋನು ಹೋಯಿತು. ಆಯುಧದ ಪರಿಣತರು ಬರುತ್ತಾರೆ, ಅಲ್ಲಿಯವರೆಗೆ ಒಳಗೆ ನರಪಿಳ್ಳೆಯೂ ಕಾಲಿಡಬಾರದು ಎಂದು ಆ ಕಡೆಯಿಂದ ಅಪ್ಪಣೆಯಾಯಿತು.

ಜವರಯ್ಯ: ಏಳು ಸಲ ಸಹಿ ಹಾಕೀನಿ. ಏಳು ಸಲ ಖಾಲಿ ಅಂತ ಬರ್ದೀನಿ. ಅದರ ಮೂತಿಗೆ ಟೋಪಿ ನೇತಾಕಿ, ಕೆಳಗೆ ಕುಂತು ಬುತ್ತಿ ತಿಂದೀನಿ. ನಾಕು ತಿಂಗಳು ಕಣಮ್ಮ, ನಾಕೇ ತಿಂಗಳು. ನಮ್ಮ ಮಾರಮ್ಮಂಗೆ ಏನಂತ ಹೇಳ್ಲಿ?

ಮಾರಮ್ಮ ಅವನ ಹೆಂಡತಿ. ಕೃತಿಕಾಗೆ ಪಾಪ ಅನಿಸಿತು. ಮುಕ್ಕಾಲು ಗಂಟೆ ತನ್ನನ್ನು ಹುರಿದು ಮುಕ್ಕಿದವನೇ ಆದರೂ ಪಾಪವೇ.

ಕೃತಿಕಾ: ಸುಳ್ಳು ಬರೀಬೇಡಿ ಸಾರ್. ಇವತ್ತು ನಿಮ್ಮ ಮುಂದೇನೇ ಪರೀಕ್ಷೆ ಆಯ್ತಲ್ಲ, ಅದನ್ನೇ ಬರೀರಿ.

ಜವರಯ್ಯ: ನಲವತ್ತು ವರ್ಷ ಇಲ್ಲದ ಪರೀಕ್ಷೆ ಇವತ್ಯಾಕೆ ಬಂತು ಅಂತ ಕೇಳ್ತಾರೆ. ಕಾರಣ ಬೇಕಲ್ಲ?

ಕೃತಿಕಾ: ನನ್ನ ಅರ್ಜಿ ಇದೆಯಲ್ಲ! ವಿದ್ಯಾರ್ಥಿಗಳು ಮರದ ಕೋವಿ ತಂದು ಮಾಹಿತಿ ಕೊಟ್ರು, ಅದನ್ನ ವಿಚಾರಿಸೋವಾಗ ಇದು ಪತ್ತೆ ಆಯ್ತು. ನಡೆದಿದ್ದೂ ಅದೇ ತಾನೆ?

ಜವರಯ್ಯ ಅವಳ ಹಾಳೆಯನ್ನು ಕಸಿದುಕೊಂಡಂತೆ ತೆಗೆದುಕೊಂಡ. ರಿಜಿಸ್ಟರನ್ನೇ ಮಣೆ ಮಾಡಿಕೊಂಡು ಸಹಿ ಹಾಕಿದ. ಅಂಗಿಯ ಜೇಬಿನಿಂದ ಮೊಹರು ತೆಗೆದು, ಬಾಯಿಂದ ಹಬೆ ಊದಿ, ಒಂದಕ್ಕೆ ಮೂರು ಸಲ ಒತ್ತಿದ.

ಜವರಯ್ಯ: ಮರದ ಕೋವಿ, ಸಿನಿಮಾದ್ದು, ಅಪಾಯ ಇಲ್ಲ. ಠೇವಣಿ ಬೇಕಾಗಿಲ್ಲ. ಸರೀಗ್ ಐತಾ ನೋಡ್ಕೋ. ಯಾರಾದ್ರೂ ಕೇಳಿದ್ರೆ, ನೀನು ಬಂದಾಗಿಂದ್ಲೂ ನಾನು ಇದನ್ನೇ ಹೇಳ್ತಿದ್ದೆ.

ಪರಮಶಿವಯ್ಯ: ಅಲ್ಲ ಕಣಯ್ಯ ಜವರಯ್ಯ, ನಮ್ಮದು ಕೋವಿ ಅಲ್ಲ ಅಂತ ಬರೆಯೋ ವಿಷ್ಯ...

ಜವರಯ್ಯ: ಯಜಮಾನ್ರೇ, ಜಿಲ್ಲೇಲಿ ಇನ್ಮ್ಯಾಲೆ ಕೋವಿ ಅಂದ್ರೆ ನಿಮ್ಮದೇ.

ಆ ಹೊತ್ತಿಗೆ ಹಾನುಬಾಳಿನ ಬಸ್ಸು ಬಂದು ನಿಂತಿತು. ಸಂತೆಚೀಲ, ಕೋಳಿ, ಮಕ್ಕಳು ಸಮೇತ ಹತ್ತು ಹದಿನೈದು ಜನ ಇಳಿದು, ಥಂಡಿಗೆ ಮುದುರಿಕೊಂಡು, ವಾಡಿಕೆಯಂತೆ ಜಗಲಿಯ ಕಡೆಗೇ ಹೆಜ್ಜೆ ಹಾಕಿದರು.

ಕೃತಿಕಾ: ಸಾರ್, ಅವರನ್ನ ತಡೀರಿ! ಕೋವಿ ಮೂತಿ ಇರೋ ಗೋಡೆ ಹತ್ರ ಯಾರೂ ಹೋಗ್ಬಾರ್ದು!

ಜವರಯ್ಯ: ಎಂಗ್ ತಡೀಲಿ? ಬರಿಗೈಲಿ ಹೇಳಿದ್ರೆ ಕೇಳೋ ಜನಾನಾ ಇವರು? ನನ್ನ ಲಾಠಿ ಒಳಗೆ, ಆ ಪಿಶಾಚಿ ಪಕ್ಕದಲ್ಲೈತೆ. ಕೊಡಮ್ಮ ಇತ್ಲಾಗೆ ಅದ್ನ!

ಅವಳ ಕೈಯಿಂದ ಮರದ ಕೋವಿ ಕಿತ್ತುಕೊಂಡು ಜಗಲಿ ಹತ್ತಿದ. ಥಂಡಿಗೆ ಜಗಲಿಯ ಹಗ್ಗದ ಮೇಲಿದ್ದ ಕಂಬಳಿ ಹೊದ್ದ. ಬಾಗಿಲಿಗೆ ತೀರ ಬೆನ್ನು ತಾಗಿಸಲು ಧೈರ್ಯವಿಲ್ಲ, ದೂರ ನಿಲ್ಲಲು ಅಪ್ಪಣೆಯಿಲ್ಲ. ಒಂದು ಗೇಣು ಬಿಟ್ಟು ನಿಂತ. ಒಳಗೆ ಇಲಿಯೊಂದು ಏನನ್ನೋ ಕೆಡವಿದ ಸದ್ದಾಯಿತು. ಜವರಯ್ಯನ ಕಣ್ಣುಗಳು ಅಗಲವಾದವು, ಗಂಟಲ ಗಂಟು ಮೇಲೆ ಹೋಗಿ ಅಲ್ಲೇ ನಿಂತಿತು, ಕೋವಿ ಹಿಡಿದ ಬೆರಳುಗಳು ಬಿಳಿಚಿಕೊಂಡವು. ಬಸ್ಸಿನ ಜನ ನಿಂತಲ್ಲೇ ನಿಂತರು.

ಕೃತಿಕಾ ನೋಡಿದಳು. ಮುಚ್ಚಿದ ಬಾಗಿಲು, ಕಂಬಳಿ, ಕೋವಿ, ಮಂಜು, ಹದಿನೈದು ದಿನದಿಂದ ಮೋಹಿತನ ಮುಖದಲ್ಲಿ ಹುಡುಕಿ ಹುಡುಕಿ ಸಾಕಾಗಿದ್ದ ಹೆದರಿಕೆ.

ಕೃತಿಕಾ (ಫೋನಿನಲ್ಲಿ): ಮೋಹಿತ್, ಕ್ಯಾಮೆರಾ ಎತ್ಕೊಂಡು ಜೀಪಲ್ಲಿ ಠಾಣೆ ಹತ್ರ ಬಾ. ಬೇಗ ಬಾ. ಮೀಸೆ ಕಿತ್ಹಾಕು, ಬೇಕಾಗಿಲ್ಲ.

ಹತ್ತು ನಿಮಿಷದಲ್ಲಿ ಕ್ಯಾಮೆರಾ ಬಂತು. ಕೃತಿಕಾ ಹೆಜ್ಜೆ ಅಳೆದು, ನೆಲಕ್ಕೆ ಗೆರೆ ಎಳೆದು, ಗೆರೆಯ ಈಚೆಗೇ ತಂಡವನ್ನು ನಿಲ್ಲಿಸಿದಳು.

ಕೃತಿಕಾ: ಸಾರ್, ನಿಮ್ಮನ್ನ ಸಿನಿಮಾಕ್ಕೆ ತೆಗೀಲಾ? ಒಪ್ಪಿಗೆ ಇದೆಯಾ?

ಜವರಯ್ಯ: ಏನಾದ್ರೂ ತಕ್ಕಳಮ್ಮ. ಹತ್ರ ಮಾತ್ರ ಬರ್ಬ್ಯಾಡ.

ಕ್ಯಾಮೆರಾ ಓಡತೊಡಗಿತು. ಬಸ್ಸಿನ ಜನ ಕೂಡ ಕೆಮ್ಮದೆ ನಿಂತರು. ಪರಮಶಿವಯ್ಯನವರಿಗೆ ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಪರಮಶಿವಯ್ಯ: ಅಲ್ಲಯ್ಯಾ ಜವರಯ್ಯ, ಅಷ್ಟು ಗಟ್ಟಿಯಾಗಿ ಹಿಡ್ಕಂಡು ನಿಂತಿದೀಯಲ್ಲ, ಅದು ಮರದ ಕೋವಿ ಅನ್ನೋದು ಮರ್ತೋಯ್ತಾ?

ಜವರಯ್ಯ: ಮರ್ತಿಲ್ಲ ಯಜಮಾನ್ರೇ. ಮರದ್ದು ಅಂತ ಗೊತ್ತಿರೋದ್ಕೇ ಕೈಯಲ್ಲಿ ಹಿಡ್ದಿರೋದು!